ಫೈಬ್ರಾಯ್ಡ್‌ಗೆ (ಗರ್ಭಕೋಶದ ಗಡ್ಡೆಗೆ) ಎಂಬೊಲೈಸೇಷನ್ ಮಾಡಿಸಿದರೆ ಮತ್ತೆ ಆಪರೇಷನ್ನೇ ಬೇಡವಾ? ಒಂದು ಸ್ಪಷ್ಟನೆ

"ಗರ್ಭಕೋಶದ ಗಡ್ಡೆಗೆ ಎಂಬೊಲೈಸೇಷನ್ ಮಾಡಿಸಿ, ಗಡ್ಡೆ ಮಾಯ, ಜೀವನಪೂರ್ತಿ ಆಪರೇಷನ್ ಬೇಡ" ಅನ್ನೋ ವಾಟ್ಸ್‌ಆ್ಯಪ್ ಮೆಸೇಜ್ ಓಡಾಡುತ್ತಿದೆ. ಇದು ಪೂರ್ತಿ ನಿಜ ಅಲ್ಲ.

ಎಂಬೊಲೈಸೇಷನ್‌ನಲ್ಲಿ ಹೊಟ್ಟೆ ಕೊಯ್ಯುವುದಿಲ್ಲ ಅನ್ನೋದು ಸರಿ. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳುವಾದ ನಳಿಕೆ ತೂರಿಸಿ, ಗರ್ಭಕೋಶಕ್ಕೆ ಹೋಗುವ ರಕ್ತನಾಳದೊಳಗೆ ಮರಳಿನಂಥ ಸಣ್ಣ ಕಣಗಳನ್ನು ಬಿಡುತ್ತಾರೆ. ರಕ್ತ ಸಿಗದೆ ಗಡ್ಡೆ ಕುಗ್ಗುತ್ತದೆ. ಆದರೆ ಸಾಮಾನ್ಯವಾಗಿ ಪೂರ್ತಿ ಹೋಗುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಎಮ್ಮಿ ಅಂತ ಒಂದು ಅಧ್ಯಯನ ನಡೆಯಿತು. 177 ಮಹಿಳೆಯರಲ್ಲಿ ಯಾರಿಗೆ ಎಂಬೊಲೈಸೇಷನ್, ಯಾರಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಅಂತ ಚೀಟಿ ಎತ್ತಿದ ಹಾಗೆ ನಿರ್ಧರಿಸಿ, 10 ವರ್ಷ ಆದ ಮೇಲೆ ನೋಡಿದಾಗ ಎಂಬೊಲೈಸೇಷನ್ ಗುಂಪಿನ ಸುಮಾರು ಮೂರನೇ ಒಂದು ಭಾಗದವರಿಗೆ ಕೊನೆಗೆ ಗರ್ಭಕೋಶ ತೆಗೆಸಬೇಕಾಗಿ ಬಂದಿತ್ತು. ಉಳಿದ ಮೂರನೇ ಎರಡು ಭಾಗದವರು ಅದನ್ನು ತಪ್ಪಿಸಿಕೊಂಡರು, ಅದೇನೂ ಸಣ್ಣ ವಿಷಯ ಅಲ್ಲ. ಜೀವನದ ಗುಣಮಟ್ಟವೂ ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ ಇತ್ತು. ಹಾಗಾಗಿ ಚಿಕಿತ್ಸೆ ಕೆಟ್ಟದ್ದಲ್ಲ, ಮೆಸೇಜ್‌ನ ಭರವಸೆ ಜಾಸ್ತಿಯಾಯಿತು ಅಷ್ಟೇ.

ಕೀಹೋಲ್‌ನಲ್ಲಿ, ಅಂದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ನಡೆಸುವ ಆಪರೇಷನ್‌ನಲ್ಲಿ, ಗಡ್ಡೆ ಮಾತ್ರ ತೆಗೆದರೂ ಹೊಸ ಗಡ್ಡೆ ಬೆಳೆಯಬಹುದು. ಮುಟ್ಟು ನಿಂತ ಮೇಲೆ ಗಡ್ಡೆಗಳು ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ, ಅದಕ್ಕೇ 30ರ ಹೆಣ್ಣುಮಗಳಿಗೂ 47ರವರಿಗೂ ಲೆಕ್ಕಾಚಾರ ಬೇರೆ. ಮುಂದೆ ಮಕ್ಕಳು ಬೇಕು ಅನ್ನುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಆಯ್ಕೆಯೇ ಬದಲಾಗಬಹುದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ಮಾತ್ರ "ಹಳೇ ಗಡ್ಡೆನೇ ಇರಬೇಕು" ಅಂತ ಸುಮ್ನೆ ಕೂರಬೇಡಿ, ತಕ್ಷಣ ತೋರಿಸಿ.