ಶಕ್ತಿ ಎಲ್ಲಿ ಹೋಯ್ತು ಸಾರ್?

ಶಕ್ತಿ ಸಂರಕ್ಷಣೆಯ ನಿಯಮ ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ: "ಶಕ್ತಿಯನ್ನು ಸೃಷ್ಟಿಸಲು ಸಾಧ್ಯವಿಲ್ಲ, ನಾಶ ಮಾಡಲೂ ಸಾಧ್ಯವಿಲ್ಲ." ಅಂಕ ಗ್ಯಾರಂಟಿ. ಆದರೆ ತಲೆಯ ಮೇಲಿನ ಫ್ಯಾನ್ ತೋರಿಸಿ, "ಇದು ತಿಂದ ಕರೆಂಟೆಲ್ಲ ಏನಾಯ್ತು?" ಎಂದರೆ ಸಾಕು, ನಿಯಮ ಬೆಂಚಿನ ಕೆಳಗೆ ಅವಿತುಕೊಳ್ಳುತ್ತದೆ.

"ಗಾಳಿ ಆಯ್ತು ಸಾರ್."

"ಸ್ವಿಚ್ ಆಫ್ ಮಾಡಿದ ಮೇಲೆ ಗಾಳಿಯೂ ನಿಂತಿತಲ್ಲ, ಆಮೇಲೆ?"

"ಖರ್ಚಾಗಿ ಹೋಯ್ತು ಸಾರ್."

"ಕಿಟಕಿಯಿಂದ ಆಚೆ ಹೋಯ್ತು ಸಾರ್," ಎಂದಿತು ಹಿಂದಿನ ಬೆಂಚು.

ಹಿಂದಿನ ಬೆಂಚೇ ಸತ್ಯಕ್ಕೆ ಹತ್ತಿರ. ಮೋಟಾರಿನ ತಂತಿಯಲ್ಲಿ ಒಂದು ಪಾಲು ಮೊದಲೇ ಬಿಸಿಯಾಗುತ್ತದೆ. ಉಳಿದದ್ದು ಗಾಳಿಯ ಓಟ. ಆ ಗಾಳಿಯೂ ಗೋಡೆಗೆ, ಮೇಜಿಗೆ, ತನಗೆ ತಾನೇ ಉಜ್ಜಿಕೊಂಡು ನಿಧಾನವಾಗಿ ಬಿಸಿಯಾಗುತ್ತದೆ. ಮುಚ್ಚಿದ ಕೋಣೆಯಲ್ಲಿ 75 ವ್ಯಾಟಿನ ಫ್ಯಾನ್ ಕೊನೆಗೆ 75 ವ್ಯಾಟಿನ ಹೀಟರೇ. ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಇಷ್ಟು ವಿವರಿಸಿದ್ದೇ ತಡ, ಒಬ್ಬ ಎದ್ದು ಹೋಗಿ ಫ್ಯಾನ್ ಆಫ್ ಮಾಡಿದ. "ಕೋಣೆ ಬಿಸಿಯಾಗೋದು ಬೇಡ ಸಾರ್." ಉಳಿದ ಅವಧಿಯನ್ನು ವಿಜ್ಞಾನದ ಹೆಸರಿನಲ್ಲಿ ಎಲ್ಲರೂ ಬೆವರುತ್ತಾ ಕಳೆದೆವು.

ಇನ್ನೊಮ್ಮೆ ಮನೆಗೆಲಸಕ್ಕೆ ಪ್ರಶ್ನೆ ಕೊಟ್ಟೆ: ಮುಚ್ಚಿದ ಕೋಣೆಯಲ್ಲಿ ಫ್ರಿಜ್ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆಯೇ? ಯೋಚಿಸಿ ಬನ್ನಿ ಎಂದಿದ್ದೆ. ಒಬ್ಬ ಯೋಚಿಸುವ ಗೋಜಿಗೇ ಹೋಗಲಿಲ್ಲ, ತೆರೆದೇ ಇಟ್ಟ. ಫ್ರಿಜ್ ಒಳಗಿನ ಬಿಸಿಯನ್ನು ಹೊರಗೆ ದಬ್ಬುತ್ತದೆ, ಜೊತೆಗೆ ತಾನು ಎಳೆದ ಕರೆಂಟನ್ನೂ ಬಿಸಿಯಾಗಿಸಿ ಬಿಡುತ್ತದೆ. ಹಾಗಾಗಿ ಒಟ್ಟಿನಲ್ಲಿ ಕೋಣೆ ಬಿಸಿಯಾಗಲೇಬೇಕು. ಆದರೆ ಥರ್ಮಾಮೀಟರ್ ಏರುವ ಮೊದಲೇ ಅವನ ಅಮ್ಮನ ಸಿಟ್ಟು ನೆತ್ತಿಗೇರಿತ್ತು. ಮಾರನೆಯ ದಿನ ಅದು ನನ್ನ ತನಕವೂ ಬಂತು, ದಾರಿಯಲ್ಲಿ ಎಲ್ಲೂ ಒಂದಿಷ್ಟೂ ಪೋಲಾಗದೆ.

ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗನ್ನು ಅದೇ ಬೋರ್ಡಿಗೆ ಸಿಕ್ಕಿಸಿ, "ಕರೆಂಟ್ ಒಳಗೇ ಸುತ್ತುತ್ತಾ ಇರುತ್ತೆ, ನಾಶ ಆಗಲ್ಲ ಅಲ್ವಾ ಸಾರ್?" ಎಂದವಳೂ ಇದ್ದಾಳೆ. ನಿಯಮದ ಮೇಲೆ ಅಂಥ ಭಕ್ತಿ ನನಗೂ ಇಲ್ಲ.

ತಮಾಷೆ ಇರಲಿ, ತಪ್ಪು ಪೂರ್ತಿ ಮಕ್ಕಳದ್ದಲ್ಲ. ಹೋದ ಶಕ್ತಿ ಕೈಗೆ ಸಿಗುವುದೇ ಇಲ್ಲವಲ್ಲ! ಒಂದು ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದರೆ ಸಿಗುವ ಶಕ್ತಿ ಸುಮಾರು 10 ಜೂಲ್ (ಜೂಲ್ ಎಂದರೆ ಶಕ್ತಿಯ ಅಳತೆ). ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದದ್ದು ಸುಮಾರು 4,200 ಜೂಲ್. 1840ರ ದಶಕದಲ್ಲಿ ಇಂಗ್ಲಿಷ್ ವಿಜ್ಞಾನಿ ಜೇಮ್ಸ್ ಜೂಲ್ ಅವರು, ಹೋದ ಶಕ್ತಿ ಬಿಸಿಯಾಗುತ್ತದೆ ಎಂದು ತೋರಿಸಲು, ತೂಕಗಳನ್ನು ಮತ್ತೆ ಮತ್ತೆ ಎತ್ತಿ ಇಳಿಬಿಟ್ಟು, ಅದರಿಂದ ನೀರಿನೊಳಗೆ ರೆಕ್ಕೆಗಳನ್ನು ತಿರುಗಿಸಿದರು. ಅಷ್ಟೆಲ್ಲ ಒದ್ದಾಡಿದರೂ ನೀರು ಬಿಸಿಯಾದದ್ದು ಒಂದು ಡಿಗ್ರಿಗೂ ಕಡಿಮೆ. ಆ ಕಾಲದ ಪಂಡಿತರೇ ಅವರನ್ನು ಸುಲಭಕ್ಕೆ ನಂಬಲಿಲ್ಲ. ನೆಲಕ್ಕೆ ಪುಟಿದು ಪುಟಿದು ನಿಂತ ಚೆಂಡನ್ನು ನೋಡಿ ಹುಡುಗನೊಬ್ಬ "ಸುಸ್ತಾಯ್ತು" ಎಂದರೆ ನಾನು ಏಕೆ ಬೈಯಲಿ?

ಅದೂ ಅಲ್ಲದೆ, "ಖರ್ಚಾಯ್ತು" ಎನ್ನುವವರ ಮಾತಿನಲ್ಲೂ ನಿಜವಿದೆ. ಶಕ್ತಿಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಖರ್ಚಾಗುವುದು ಅದರ ಉಪಯೋಗ. ಸುತ್ತ ಹರಡಿಹೋದ ಬಿಸಿಯನ್ನು ಪೂರ್ತಿ ಬಾಚಿ ತಂದು ಮತ್ತೆ ಫ್ಯಾನ್ ತಿರುಗಿಸಲು ಆಗದು. ನಾವು ಮೊದಲರ್ಧವನ್ನು ಗಟ್ಟಿಯಾಗಿ ಉರು ಹೊಡೆಸಿ, ಈ ಅರ್ಧವನ್ನು ಗಂಟೆ ಹೊಡೆಯುವ ಹೊತ್ತಿಗೆ ಗಡಿಬಿಡಿಯಲ್ಲಿ ಮುಗಿಸುತ್ತೇವೆ.

ಈ ಸಲ ಅದನ್ನೇ ನಿಧಾನವಾಗಿ ಪಾಠ ಮಾಡಿದೆ. ಮರುದಿನ ಒಬ್ಬ ಖಾಲಿ ಪುಸ್ತಕ ಹಿಡಿದು ಬಂದ.

"ಬರೆಯೋಕೆ ಶಕ್ತಿ ಇರಲಿಲ್ವೇನೋ?"

"ಇತ್ತು ಸಾರ್, ನಾಶ ಆಗಿಲ್ಲ. ಕೋಣೆ ತುಂಬ ಹರಡಿಬಿಟ್ಟಿತ್ತು, ಒಟ್ಟು ಮಾಡೋಕೆ ಆಗ್ಲಿಲ್ಲ."

ಭೌತಶಾಸ್ತ್ರ ಸರಿಯಾಗಿಯೇ ಇತ್ತು. ಹೋಮ್‌ವರ್ಕ್ ಮಾತ್ರ ಇರಲಿಲ್ಲ.