ಪಟ್ಟಿ ಬೇಡ, ಕಿರಿಕಿರಿ ಹಿಡಿಯಿರಿ

ಹೊಸತು ಹೊಳೆಯಬೇಕಾದರೆ ದಿನಾ ಬೆಳಿಗ್ಗೆ ಕೂತು ಹತ್ತು ಐಡಿಯಾ ಬರೆಯಿರಿ ಅಂತ ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಸುಮ್ನೆ ಪಟ್ಟಿ ಮಾಡೋದಕ್ಕಿಂತ ನಮಗೆ ದಿನಾ ಕಾಡುವ ಒಂದು ಕಿರಿಕಿರಿ ಹಿಡಿದು ಕೂರೋದು ವಾಸಿ ಅನಿಸುತ್ತದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ರೈತ, ಸಂಶೋಧಕ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನೇ ನೋಡಿ. ಅವರಿಗೆ ಬೆಳಿಗ್ಗೆ ಬೇಗ ಎಚ್ಚರ ಆಗುತ್ತಿರಲಿಲ್ಲವಂತೆ. ಅಲಾರಂ ಗಡಿಯಾರದ ಕೀಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಕಟ್ಟಿದರು. ಅಲಾರಂ ಹೊಡೆದರೆ ಕೀ ತಿರುಗುತ್ತದೆ, ದಾರ ಎಳೆಯುತ್ತದೆ, ಬಾಟಲಿ ವಾಲಿ ಮುಖದ ಮೇಲೆ ನೀರು! (ನಮ್ಮ ಹಾಸ್ಟೆಲಿನಲ್ಲಿ ಇದು ಇದ್ದಿದ್ದರೆ ನನ್ನ ಅಟೆಂಡೆನ್ಸ್ ಬೇರೆಯೇ ಇರುತ್ತಿತ್ತು.) ಮುಂದೆ ಅದೇ ತಲೆ ಹುಣಸೆಹಣ್ಣಿನಿಂದ ಬೀಜ ತೆಗೆಯುವ ಯಂತ್ರವನ್ನೂ ಮಾಡಿತು. 2022ರಲ್ಲಿ ಪದ್ಮಶ್ರೀ ಬಂತು. ಇಂಥವರ ಬಗ್ಗೆಯೂ ಬರೆಯಿರಿ ಸರ್, ವಿದೇಶದ ಉದಾಹರಣೆ ಜಾಸ್ತಿ ಆಯ್ತು ಅಲ್ವಾ?