ಕೊಠಡಿಗೆ ಬೀಗ ಹಾಕುವ ಅಧಿಕಾರ ಯಾರಿಗಿದೆ?

2025ರ ಜುಲೈ 25ರ ಬೆಳಿಗ್ಗೆ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಎಂಬ ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿಯಿತು. ಏಳು ಮಕ್ಕಳು ಸತ್ತರು. ಬದುಕಿ ಉಳಿದ ಮಕ್ಕಳ ಮಾತು ಮರುದಿನದ ಪತ್ರಿಕೆಗಳಲ್ಲಿ ಬಂತು. ಮೇಲಿಂದ ಸಣ್ಣ ಕಲ್ಲುಗಳು ಉದುರುತ್ತಿವೆ ಅಂತ ಮೇಷ್ಟ್ರಿಗೆ ಹೇಳಿದ್ದೆವು, ಸುಮ್ಮನೆ ಕೂತುಕೊಳ್ಳಿ ಅಂತ ಗದರಿದರು. ಹೀಗಂತ ಹೇಳಿದ್ದರು ಮಕ್ಕಳು. ಶಿಥಿಲ ಶಾಲೆಗಳ ಪಟ್ಟಿಯಲ್ಲಿ ಈ ಶಾಲೆಯ ಹೆಸರೇ ಇರಲಿಲ್ಲ ಅಂತ ಜಿಲ್ಲಾಡಳಿತ ಹೇಳಿತು. ಸಂಜೆಯೊಳಗೆ ಶಿಕ್ಷಕರ ಅಮಾನತು ಆಯಿತು. ಮರುದಿನ ದೇಶದ ಎಲ್ಲ ಶಾಲೆಗಳ ಸುರಕ್ಷತಾ ಪರಿಶೀಲನೆ ಮಾಡಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಬರೆಯಿತು.

ಆ ಮೇಷ್ಟ್ರನ್ನು ಬೈಯುವುದು ಸುಲಭ. ನನಗೂ ಸಿಟ್ಟು ಬಂತು. ಆದರೆ ಬೇರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅವರು ಮಕ್ಕಳ ಮಾತು ಕೇಳಿದ್ದರೆ ಏನು ಮಾಡಬಹುದಿತ್ತು? ಹೊರಗೆ ಮಳೆಗಾಲ. ಕೂರಿಸೋಕೆ ಬೇರೆ ಕೊಠಡಿ ಇತ್ತೋ ಇಲ್ಲವೋ. ಮನೆಗೆ ಕಳಿಸಿದರೆ ಯಾರನ್ನು ಕೇಳಿ ಕಳಿಸಿದಿರಿ ಅಂತ ನೋಟಿಸು. ಆ ಗಳಿಗೆಯಲ್ಲಿ ಏನೂ ಮಾಡದೆ ಕೂರುವುದೇ ಒಬ್ಬ ಸರ್ಕಾರಿ ನೌಕರನಿಗೆ ಎಲ್ಲಕ್ಕಿಂತ ಸುರಕ್ಷಿತ ದಾರಿ. ನಾವು ಕಟ್ಟಿರುವ ವ್ಯವಸ್ಥೆ ಅಂಥದ್ದು.

ನಾನು ಕೆಲವು ವರ್ಷ ನಮ್ಮೂರ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿದ್ದೆ. ಹೀಗಾಗಿ ಒಂದು ಕೊಠಡಿ ಶಿಥಿಲ ಅಂತ ಆಗೋದು ಹೇಗೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಚಾವಣಿಯ ಗಿಲಾವು ಉದುರುತ್ತದೆ. ಆಮೇಲೆ ತುಕ್ಕು ಹಿಡಿದ ಕಂಬಿ ಕಾಣುತ್ತದೆ. ಮೇಲೆ ನೀರು ನಿಲ್ಲುತ್ತದೆ, ಇಳಿದು ಹೋಗುವ ಕೊಳವೆಯಲ್ಲಿ ಎಲೆ, ಚೆಂಡು, ಕಸ. ನೀರು ಕಂಬಿಗೆ ತಲುಪಿದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಂಬಿ ಕಾಂಕ್ರೀಟನ್ನು ಒಳಗಿಂದ ಒಡೆಯುತ್ತದೆ. ಇದಕ್ಕೆ ಇಂಜಿನಿಯರೇ ಬೇಕಿಲ್ಲ, ಬೆಂಚಿನ ಮೇಲೆ ಬಿದ್ದ ಬಿಳಿ ಪುಡಿಯನ್ನು ದಿನಾ ಗುಡಿಸುವ ಮಗುವಿಗೂ ಗೊತ್ತಿರುತ್ತದೆ.

ಆದರೆ ಆ ಮಗುವಿಗೆ ಗೊತ್ತಿರೋದು ಕಾಗದಕ್ಕೆ ಹತ್ತಬೇಕಲ್ಲ. ಹೆಡ್‌ಮಾಸ್ಟರು ಫೋಟೋ ತೆಗೆದು, ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಹೇಳುತ್ತಾರೆ. ಪತ್ರ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗುತ್ತದೆ. ಅಲ್ಲಿಂದ ಇಂಜಿನಿಯರಿಂಗ್ ವಿಭಾಗಕ್ಕೆ. ಇಂಜಿನಿಯರಿಗೆ ರಸ್ತೆ ಇದೆ, ಚರಂಡಿ ಇದೆ, ಅಂಗನವಾಡಿ ಇದೆ. ಅವರು ಬಂದು ನೋಡಿ ಶಿಥಿಲ ಅಂತ ಬರೆದರೂ ಕೆಲಸ ಮುಗಿಯಲಿಲ್ಲ. ಕೆಡವೋಕೆ ಅನುಮತಿ ಬೇಕು. ಹಳೇ ಕಿಟಕಿ, ಬಾಗಿಲು, ಕಬ್ಬಿಣಕ್ಕೆ ಬೆಲೆ ಕಟ್ಟಬೇಕು. ಹರಾಜು ಆಗಬೇಕು. ಕೆಡವಿದ ಮೇಲೆ ಹೊಸ ಕೊಠಡಿ ಯಾವ ವರ್ಷದ ಅನುದಾನದಲ್ಲಿ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಅಲ್ಲಿವರೆಗೆ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ಒಂದೇ ಕಡೆ. ಇಲ್ಲವೇ ಜಗಲಿ. ಜಗಲಿಯಲ್ಲಿ ಕೂತ ಮಕ್ಕಳನ್ನು ನೋಡಿದ ಅಪ್ಪ ಅಮ್ಮಂದಿರು ಮುಂದಿನ ವರ್ಷ ಟಿಸಿ ತೆಗೆದುಕೊಂಡು ಹೋಗುತ್ತಾರೆ. ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿದರೆ ಶಿಕ್ಷಕರ ಹುದ್ದೆಗೂ ಕುತ್ತು.

ಈಗ ಹೇಳಿ, ಯಾವ ಹೆಡ್‌ಮಾಸ್ಟರು ತಾನಾಗಿ ಕೊಠಡಿ ಮುಚ್ಚುತ್ತಾರೆ? ನಾನು ನೋಡಿದ ಹೆಡ್‌ಮಾಸ್ಟರೊಬ್ಬರು ತುಂಬಾ ಒಳ್ಳೆಯವರು. ಗಿಲಾವು ಬಿದ್ದ ಜಾಗದ ಕೆಳಗಿನ ಬೆಂಚುಗಳನ್ನು ಎಳೆದು ಗೋಡೆ ಪಕ್ಕಕ್ಕೆ ಹಾಕಿಸಿದರು. ಮಧ್ಯದಲ್ಲಿ ಯಾರೂ ಕೂರಬೇಡಿ ಅಂದರು. ಅವರ ಕೈಯಲ್ಲಿದ್ದ ಅಧಿಕಾರ ಅಷ್ಟೇ, ಬೆಂಚು ಸರಿಸುವಷ್ಟು.

ನಿಯಮಗಳು ಇಲ್ಲ ಅಂತ ಅಲ್ಲ. ಜಾಸ್ತಿಯೇ ಇವೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಒಂದು ಖಾಸಗಿ ಶಾಲೆಯ ಅಡುಗೆಮನೆಯ ಬೆಂಕಿ ಮೇಲಿನ ಗರಿಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಇಕ್ಕಟ್ಟಿನ ಮೆಟ್ಟಿಲು, ಒಂದೇ ಕಟ್ಟಡದಲ್ಲಿ ಹಲವು ಶಾಲೆ. ಆ ದುರಂತದ ಮೇಲೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಶಿಕ್ಷಣದ ಹಕ್ಕು ಅಂದರೆ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಅಂತ ಹೇಳಿತು. ಬೆಂಕಿ ಆರಿಸುವ ಸಾಧನ, ಶಿಕ್ಷಕರಿಗೆ ತರಬೇತಿ, ಕಟ್ಟಡ ಸಂಹಿತೆಯ ಪಾಲನೆ, ಎಲ್ಲ ಅದರಲ್ಲಿದೆ. ಅದೇ ವರ್ಷ ಬಂದ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ ಎಲ್ಲ ಹವಾಮಾನ ತಡೆಯುವ ಕಟ್ಟಡ ಇರಬೇಕು ಅಂತ ಹೇಳಿತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಶಾಲಾ ಸುರಕ್ಷತಾ ಮಾರ್ಗಸೂಚಿ. 2021ರಲ್ಲಿ ಮಕ್ಕಳ ಸುರಕ್ಷತೆಗೆ ಶಾಲಾ ಆಡಳಿತವನ್ನೇ ಹೊಣೆ ಮಾಡುವ ಇನ್ನೊಂದು ಮಾರ್ಗಸೂಚಿ. ಇದಿಷ್ಟೂ ಇದ್ದ ಮೇಲೆಯೇ ಪಿಪ್ಲೋದಿ ಆಗಿದ್ದು.

ಶಾಲಾ ವಿಪತ್ತು ನಿರ್ವಹಣಾ ಯೋಜನೆಯ ನಮೂನೆ ನೋಡಿದ್ದೀರಾ? ಜಾಗೃತಿ ತಂಡ, ಮುನ್ಸೂಚನೆ ತಂಡ, ಮಕ್ಕಳನ್ನು ಹೊರಗೆ ಕರೆತರುವ ತಂಡ, ಶೋಧ ಮತ್ತು ರಕ್ಷಣಾ ತಂಡ, ಅಗ್ನಿ ಸುರಕ್ಷತಾ ತಂಡ, ಪ್ರಥಮ ಚಿಕಿತ್ಸಾ ತಂಡ. ದೊಡ್ಡ ಶಾಲೆಗೆ ಚೆನ್ನಾಗಿದೆ. ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇರೋದು ಇಬ್ಬರು ಶಿಕ್ಷಕರು. ಎಲ್ಲ ತಂಡದಲ್ಲೂ ಅವರೇ, ಒಮ್ಮೆ ಇವರು ಮುಖ್ಯಸ್ಥರು, ಒಮ್ಮೆ ಅವರು. ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದ ದಿನ ಇಡೀ ವಿಪತ್ತು ನಿರ್ವಹಣೆ ಒಬ್ಬರ ಕೈಯಲ್ಲಿ, ಜೊತೆಗೆ ಬಿಸಿಯೂಟದ ಲೆಕ್ಕವೂ. ನಮೂನೆ ತುಂಬಿಸಿ ಕಳಿಸಿದ್ದಾಯಿತು, ಸಹಿ ಸೀಲು ಎಲ್ಲ ಆಯಿತು. ಯೋಜನೆ ಇದೆ ಅಂತ ಮೇಲಿನವರ ಲೆಕ್ಕಕ್ಕೆ ಸೇರಿತು.

ಕಾಗದದ ಯೋಜನೆ ಎಷ್ಟು ಅಪಾಯ ಅನ್ನೋದಕ್ಕೆ ಜಪಾನಿನ ಒಂದು ಕಥೆ ಹೇಳಲೇಬೇಕು. ಜಪಾನ್ ಅಂದರೆ ನಾವು ಎಲ್ಲವೂ ಅಚ್ಚುಕಟ್ಟು ಅಂದುಕೊಳ್ಳುತ್ತೇವೆ. 2011ರ ಮಾರ್ಚ್ 11ರಂದು ಮಧ್ಯಾಹ್ನ 2:46ಕ್ಕೆ ಭೂಕಂಪ ಆಯಿತು. ಇಶಿನೊಮಾಕಿ ನಗರದ ಒಕಾವಾ ಪ್ರಾಥಮಿಕ ಶಾಲೆಯ ಮಕ್ಕಳನ್ನು ಶಿಕ್ಷಕರು ಅಂಗಳಕ್ಕೆ ಕರೆತಂದು ನಿಲ್ಲಿಸಿದರು. ಶಾಲೆಯ ಬೆನ್ನಿಗೇ ಗುಡ್ಡ ಇತ್ತು. ಪಾಠದ ಭಾಗವಾಗಿ ಮಕ್ಕಳು ಅಲ್ಲಿಗೆ ಹತ್ತಿ ಅಣಬೆ ಬೆಳೆದಿದ್ದರು. ಗುಡ್ಡಕ್ಕೆ ಹೋಗೋಣ ಅಂತ ಕೆಲವು ಮಕ್ಕಳು ಹೇಳಿದರು ಅಂತಲೂ ಆಮೇಲೆ ಗೊತ್ತಾಯಿತು. ಆದರೆ ಶಾಲೆಯ ಕೈಪಿಡಿಯಲ್ಲಿ ಹತ್ತಿರದ ಖಾಲಿ ಜಾಗಕ್ಕೋ ಪಾರ್ಕಿಗೋ ಹೋಗಬೇಕು ಅಂತ ಇತ್ತು. ಯಾವ ಜಾಗ, ಯಾವ ಪಾರ್ಕು ಅನ್ನೋದು ಇರಲಿಲ್ಲ. ಮುಖ್ಯೋಪಾಧ್ಯಾಯರು ಆ ದಿನ ಶಾಲೆಯಲ್ಲಿರಲಿಲ್ಲ. ದೊಡ್ಡವರು ಚರ್ಚೆ ಮಾಡುತ್ತಾ ಮುಕ್ಕಾಲು ಗಂಟೆ ಕಳೆದರು. ಕೊನೆಗೆ ಹೊರಟಿದ್ದು ನದಿಯ ಸೇತುವೆ ಕಡೆಗೆ. 74 ಮಕ್ಕಳು, 10 ಮಂದಿ ಶಿಕ್ಷಕರು, ಸಿಬ್ಬಂದಿ ಸುನಾಮಿಗೆ ಬಲಿಯಾದರು.

ಮುಂದಿನದ್ದು ನನಗೆ ಮುಖ್ಯ ಅನ್ನಿಸಿದ್ದು. ತಂದೆ ತಾಯಂದಿರು ಕೋರ್ಟಿಗೆ ಹೋದರು. 2018ರಲ್ಲಿ ಸೆಂಡೈ ಹೈಕೋರ್ಟು ತೀರ್ಪು ಕೊಡುವಾಗ ಆ ಮಧ್ಯಾಹ್ನದ ಗಡಿಬಿಡಿಯ ಮೇಲೆ ಎಲ್ಲ ಭಾರ ಹಾಕಲಿಲ್ಲ. ದುರಂತಕ್ಕೂ ಮೊದಲೇ ಆ ಕೈಪಿಡಿಯನ್ನು ಸರಿ ಮಾಡದ ಮುಖ್ಯೋಪಾಧ್ಯಾಯರು, ಸರಿ ಇದೆಯಾ ಅಂತ ನೋಡದ ನಗರದ ಶಿಕ್ಷಣ ಮಂಡಳಿ, ಇವರದ್ದು ತಪ್ಪು ಅಂತ ಹೇಳಿತು. ನಗರಾಡಳಿತ ಮತ್ತು ಪ್ರಾಂತ್ಯದ ಸರ್ಕಾರ ಸುಮಾರು 143 ಕೋಟಿ ಯೆನ್ ಪರಿಹಾರ ಕೊಡಬೇಕಾಯಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಕಡತವನ್ನು ಓದದೆ ಸೀಲು ಹಾಕಿದವರು ಹೊಣೆ ಹೊತ್ತರು. ನಮ್ಮಲ್ಲಿ? ಆ ದಿನ ತರಗತಿಯಲ್ಲಿ ನಿಂತಿದ್ದವರು ಅಮಾನತು. ಪಟ್ಟಿಯಿಂದ ಹೆಸರು ಬಿಟ್ಟುಹೋಗಿದ್ದು ಹೇಗೆ ಅನ್ನೋದು ವಿಚಾರಣೆಯ ಹಂತದಲ್ಲೇ ತಣ್ಣಗಾಗುತ್ತದೆ.

ಅದೇ ದಿನ, ಅದೇ ಸುನಾಮಿ, ಕಮಾಯಿಶಿ ಅನ್ನುವ ಇನ್ನೊಂದು ಊರು. ಅಲ್ಲಿ ಕತಾದಾ ತೊಶಿತಾಕಾ ಎಂಬ ಪ್ರಾಧ್ಯಾಪಕರು ವರ್ಷಗಳಿಂದ ಶಾಲೆಗಳಲ್ಲಿ ಪಾಠ ಮಾಡಿದ್ದರು. ನಕ್ಷೆಯಲ್ಲಿ ಬರೆದಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ, ಬೇರೆಯವರಿಗೆ ಕಾಯದೆ ಮೊದಲು ನೀವೇ ಓಡಿ ಅಂತ. ಉನೊಸುಮಾಯಿ ಎಂಬಲ್ಲಿ ದೊಡ್ಡ ಮಕ್ಕಳು ಓಡಿದ್ದನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯವರೂ ಹೊರಟರು. ಗೊತ್ತುಪಡಿಸಿದ ಜಾಗ ತಲುಪಿದಾಗ ಹಿಂದಿನ ದಿಬ್ಬ ಜರಿಯುತ್ತಿರುವುದು ಕಂಡಿತು. ಇಲ್ಲಿ ನಿಲ್ಲೋದು ಬೇಡ ಅಂತ ಇನ್ನೂ ಮೇಲಕ್ಕೆ ಹೋದರು. ಆ ಊರಿನ ಶಾಲೆಗಳ ಸುಮಾರು 3,000 ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು.

ನಮ್ಮ ಶಾಲೆಗಳಿಗೆ ಸುನಾಮಿ ಬರೋದಿಲ್ಲ, ಸರಿ. ನಮ್ಮ ಅಪಾಯಗಳು ಬೇರೆ. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸಿನ ಹುಡುಗಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ಸತ್ತಳು. ವಿಪತ್ತು ಅಂದರೆ ಭೂಕಂಪ, ಪ್ರವಾಹ ಅಂತ ಬರೆಯುವವರಿಗೆ ಸಾಂಬಾರಿನ ಪಾತ್ರೆ ಹೊಳೆಯೋದಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳ ದಾಟುವ ಕಾಲುಸಂಕವೇ ಅಪಾಯ. ಬೆಂಗಳೂರಿನಲ್ಲಿ 2023ರ ಡಿಸೆಂಬರ್ 1ರಂದು 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಗಲಿಬಿಲಿ ಆಗಿದ್ದು ಗೇಟಿನಲ್ಲಿ. ಇಮೇಲ್ ಹುಸಿ, ಆದರೆ ಅಷ್ಟೊಂದು ಅಪ್ಪ ಅಮ್ಮಂದಿರು ಒಟ್ಟಿಗೆ ಓಡಿಬಂದಾಗ ಯಾವ ಮಗುವನ್ನು ಯಾರ ಕೈಗೆ ಕೊಡಬೇಕು? ಇದನ್ನೂ ಮೊದಲೇ ಯೋಚಿಸಬೇಕಲ್ವಾ. ಒಂದು ರಿಜಿಸ್ಟರು, ಒಂದು ಸಹಿ, ಮಕ್ಕಳನ್ನು ಬಿಡುವ ಬೇರೆ ಗೇಟು. ಇದಕ್ಕೆ ಏನು ಖರ್ಚು?

ಹಾಂ, ಒಂದು ಮಾತು ಮರೆತಿದ್ದೆ. 2022ರ ನವೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಕೊಠಡಿ ಕಟ್ಟುವ ವಿವೇಕ ಯೋಜನೆಯ ಹೊಸ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯಬೇಕೋ ಬೇಡವೋ ಅಂತ ರಾಜ್ಯವೆಲ್ಲ ಕಿತ್ತಾಡಿತ್ತು, ನೆನಪಿದೆಯಾ? ಟಿವಿಯಲ್ಲಿ ಎಷ್ಟು ಚರ್ಚೆ. ಚಾವಣಿಯ ನೀರು ಎಲ್ಲಿ ಇಳಿಯುತ್ತೆ, ಬಾಗಿಲು ಒಳಕ್ಕೆ ತೆರೆಯುತ್ತೋ ಹೊರಕ್ಕೋ, ಒಬ್ಬರೂ ಕೇಳಲಿಲ್ಲ.

ಕೊಠಡಿ ಮುಚ್ಚುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೇ ಕೊಟ್ಟರೆ ದುರುಪಯೋಗ ಆಗುತ್ತೆ ಅನ್ನುವವರಿದ್ದಾರೆ. ಮೋಡ ಕಂಡರೆ ರಜೆ ಕೊಡುತ್ತಾರೆ ಅಂತ. ಆದರೆ ಕರಾವಳಿಯಲ್ಲಿ, ಕೊಡಗಿನಲ್ಲಿ ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸುವುದು ಎಷ್ಟೋ ವರ್ಷಗಳಿಂದ ನಡೆದು ಬಂದಿದೆ. ಸ್ಥಳೀಯವಾಗಿ ನೋಡಿ ನಿರ್ಧರಿಸಿ ಅಂತ ಕೆಳಗಿನವರಿಗೆ ಬಿಟ್ಟ ಸಂದರ್ಭಗಳೂ ಇವೆ. ಹೋದ ಪಾಠಗಳನ್ನು ಶನಿವಾರ, ಭಾನುವಾರ ಸರಿದೂಗಿಸುತ್ತಾರೆ. ಆ ಜಿಲ್ಲೆಗಳ ಎಸ್‌ಎಸ್‌ಎಲ್‌ಸಿ ಫಲಿತಾಂಶ ಎಲ್ಲಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪಟ್ಟಿಯ ಮೇಲ್ಭಾಗದಲ್ಲಿ. ಮಳೆಗೆ ಆಗುವುದು ಚಾವಣಿಗೆ ಯಾಕೆ ಆಗಬಾರದು?

ನಾನು ಕೇಳುತ್ತಿರುವುದು ಒಂದೇ ಪುಟದ ಸುತ್ತೋಲೆ. ಚಾವಣಿ, ಗೋಡೆ, ವಿದ್ಯುತ್ ವೈರು, ಅಡುಗೆ ಕೋಣೆ, ಇದರಲ್ಲಿ ಯಾವುದು ಅಪಾಯ ಅನ್ನಿಸಿದರೂ ಮುಖ್ಯ ಶಿಕ್ಷಕರು ಆ ಗಳಿಗೆಯಲ್ಲೇ ಬೀಗ ಹಾಕಬಹುದು. ಯಾರನ್ನೂ ಕೇಳಬೇಕಿಲ್ಲ, ಹಾಕಿದ ಮೇಲೆ ತಿಳಿಸಿದರೆ ಸಾಕು. ಬೀಗ ತೆಗೆಯಲು ಮಾತ್ರ ಇಂಜಿನಿಯರಿನ ಲಿಖಿತ ಒಪ್ಪಿಗೆ ಬೇಕು. ಈಗ ಇರೋದು ತಿರುಗಾಮುರುಗಾ. ಮುಚ್ಚೋಕೆ ಇಂಜಿನಿಯರ್ ಬೇಕು, ಮಕ್ಕಳನ್ನು ಕೂರಿಸೋಕೆ ಯಾರೂ ಬೇಡ. ಮುಚ್ಚಿದ ಶಾಲೆಗೆ ಬದಲಿ ಜಾಗ ಕೊಡುವ ಹೊಣೆ ಗ್ರಾಮ ಪಂಚಾಯಿತಿಯದ್ದಾಗಲಿ. ಎಷ್ಟೋ ಊರುಗಳಲ್ಲಿ ಒಂದು ಸಮುದಾಯ ಭವನ ಇದೆ, ವರ್ಷದ ಬಹುಪಾಲು ದಿನ ಅದಕ್ಕೂ ಬೀಗವೇ. ಮತ್ತೆ, ತಪ್ಪಾಗಿ ಬೀಗ ಹಾಕಿದರು ಅಂತ ಯಾವ ಶಿಕ್ಷಕರಿಗೂ ನೋಟಿಸು ಕೊಡಬಾರದು. ಈ ಸಾಲು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನ ಇಲ್ಲ.

ಎಸ್‌ಡಿಎಂಸಿಯಲ್ಲಿರುವ ಗೆಳೆಯರು ಸುತ್ತೋಲೆಗೆ ಕಾಯುತ್ತಾ ಕೂರಬೇಡಿ. ಮೇ ತಿಂಗಳಲ್ಲಿ ಶಾಲೆ ಖಾಲಿ ಇರುವಾಗ ಏಣಿ ಹಾಕಿ ಮೇಲೆ ಹತ್ತಿ, ನೀರಿಳಿಯುವ ಕೊಳವೆ ಬಿಡಿಸಿ. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ಜುಲೈನಲ್ಲಿ ಗೆರೆ ದಾಟಿದೆಯಾ ನೋಡಿ. ಅದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನಡಾವಳಿಯಲ್ಲಿ ಬಂದದ್ದು ನಮಗೆ ಗೊತ್ತೇ ಇರಲಿಲ್ಲ ಅಂತ ಆಮೇಲೆ ಯಾರೂ ಹೇಳೋಕಾಗಲ್ಲ. ಮಕ್ಕಳನ್ನೂ ಕೇಳಿ. ಯಾವ ಬೆಂಚಿನ ಮೇಲೆ ಪುಡಿ ಬೀಳುತ್ತೆ, ಯಾವ ಸ್ವಿಚ್ಚು ಮುಟ್ಟಿದರೆ ಜುಂ ಅನ್ನುತ್ತೆ, ಅವರಿಗೇ ಚೆನ್ನಾಗಿ ಗೊತ್ತು.

ನಿಮ್ಮ ಊರಲ್ಲಿ ಯಾರನ್ನೂ ಕೇಳದೆ ಕೊಠಡಿಗೆ ಬೀಗ ಹಾಕಿದ ಮೇಷ್ಟ್ರು, ಟೀಚರ್ ಯಾರಾದರೂ ಇದ್ದಾರಾ? ಆಮೇಲೆ ಇಲಾಖೆ ಅವರನ್ನು ಹೇಗೆ ನಡೆಸಿಕೊಂಡಿತು? ಹೆಸರು ಬೇಡ, ಏನಾಯಿತು ಅಂತಷ್ಟೇ ಕಾಮೆಂಟಿನಲ್ಲಿ ಬರೆಯಿರಿ. ಶಿಕ್ಷಣ ಇಲಾಖೆಗೆ ಒಂದು ಮನವಿ ಕೊಡಬೇಕು ಅಂತಿದ್ದೇನೆ, ಅದಕ್ಕೆ ಇಂಥ ನಾಲ್ಕಾರು ಅನುಭವ ಬೇಕು.